ಗಣಕಯಂತ್ರದ ವೇಗವೂ ಚದುರಂಗದ ಬಲವೂ

ಯಂತ್ರದ ವೇಗವು ಇಮ್ಮಡಿಯಾದರೆ ಅದರಿಂದ ದೊರೆಯುವ ಫಲವೂ ಇಮ್ಮಡಿಯಾಗುವುದೆಂಬುದು ಸಾಮಾನ್ಯವಾಗಿ ಎಲ್ಲರೂ ಒಪ್ಪಿರುವ ಮಾತು. ಹಿಟ್ಟಿನ ಗಿರಣಿಯ ವಿಷಯದಲ್ಲಿ ಇದು ನಿಜ. ನೀರೆತ್ತುವ ಪಂಪಿನ ವಿಷಯದಲ್ಲಿಯೂ ಬಹುಮಟ್ಟಿಗೆ ನಿಜ. ಚದುರಂಗವಾಡುವ ಗಣಕಯಂತ್ರದ ವಿಷಯದಲ್ಲಿ ಇದು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಚರಿತ್ರೆಯನ್ನು ಬೋಧಿಸುವವರಿಗೆ ಈ ವಿಷಯದಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. 1950ರಲ್ಲಿ ಚದುರಂಗವಾಡಬಲ್ಲ ಯಂತ್ರವೊಂದೂ ಇರಲಿಲ್ಲ; 1997ರಲ್ಲಿ ಅಂತಹ ಯಂತ್ರವೊಂದು ಜಗಜ್ಜೇತನಾದ ಆಟಗಾರನನ್ನು ಸೋಲಿಸಿತು. ಈ ನಡುವೆ ಗಣಕಯಂತ್ರಗಳ ವೇಗವು ಲಕ್ಷಾಂತರ ಪಟ್ಟು ಹೆಚ್ಚಿತು. ಎರಡೂ ಒಟ್ಟಿಗೆ ನಡೆದುವಾದ ಕಾರಣ ಒಂದು ಇನ್ನೊಂದರ ಕಾರಣವೆಂದು ಪುಸ್ತಕಗಳು ಬರೆದುಬಿಡುತ್ತವೆ. ಒಟ್ಟಿಗೆ ನಡೆದ ಎರಡು ಸಂಗತಿಗಳಲ್ಲಿ ಕಾರಣವಾವುದು, ಕಾರ್ಯವಾವುದು, ಎಷ್ಟು ಪಾಲು ಯಾವುದಕ್ಕೆ ಸಲ್ಲಬೇಕು ಎಂಬ ವಿಚಾರಣೆಯು ಚರಿತ್ರಕಾರನ ನಿತ್ಯದ ಕೆಲಸ. ಆ ಕೆಲಸಕ್ಕೆ ಇದಕ್ಕಿಂತ ಸ್ವಚ್ಛವಾದ ಉದಾಹರಣೆಯು ನಮಗೆ ಬೇರೆ ದೊರೆತಿಲ್ಲ. ಏಕೆಂದರೆ ಇಲ್ಲಿ ಫಲವನ್ನು ಅಂಕಿಗಳಲ್ಲಿ ಅಳೆಯಬಹುದು, ಪ್ರಯೋಗವನ್ನು ಬೇಕಾದಷ್ಟು ಸಲ ಮತ್ತೆ ನಡೆಸಬಹುದು.

ವಿಷಯಕ್ಕೆ ಪ್ರವೇಶಿಸುವ ಮುನ್ನ ನಮ್ಮ ನೆರೆಯ ಭದ್ರಾವತಿಯ ಕಡೆ ಒಮ್ಮೆ ನೋಡುವುದು ಉಪಯುಕ್ತ. ಅಲ್ಲಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಯು 1923ರಲ್ಲಿ ಕೆಲಸವಾರಂಭಿಸಿದಾಗ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಸೌದೆಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ. ಅದುರು ಕೆಮ್ಮಣ್ಣುಗುಂಡಿಯಿಂದ ಬಂದಿತು, ಸೌದೆಯು ಸುತ್ತಣ ಕಾಡುಗಳಿಂದ ಬಂದಿತು. ಇಂತಹ ಕುಲುಮೆಯ ವಿಷಯದಲ್ಲಿ ಒಂದು ಸ್ವಭಾವವುಂಟು: ಹತ್ತಿರದ ಮರಗಳು ಮೊದಲು ಕಡಿಯಲ್ಪಡುತ್ತವೆ, ಅನಂತರದ ಪ್ರತಿಯೊಂದು ಗಾಡಿಯ ಸೌದೆಯೂ ಹಿಂದಿನದಕ್ಕಿಂತ ದೂರದಿಂದ ಬರಬೇಕಾಗುತ್ತದೆ. ಕುಲುಮೆಗೆ ಊದುವ ಗಾಳಿಯನ್ನು ಹೆಚ್ಚಿಸಿದರೆ ಕಬ್ಬಿಣವೇನೋ ಹೆಚ್ಚುವುದು, ಆದರೆ ಪ್ರತಿ ಹೆಚ್ಚುವರಿ ಟನ್ನಿಗೆ ತೆರಬೇಕಾದ ಬೆಲೆಯೂ ಹೆಚ್ಚುತ್ತ ಹೋಗುವುದು. 1948ರಲ್ಲಿ ಜೋಗದ ವಿದ್ಯುದಾಗಾರವು ಆರಂಭವಾಗಿ, 1950ರ ದಶಕದ ಮೊದಲಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದಾಗ ಪರಿಸ್ಥಿತಿ ಬೇರೆಯಾಯಿತು. ಅದುರಿನಿಂದ ಆಮ್ಲಜನಕವನ್ನು ಬೇರ್ಪಡಿಸಲು ಇಂಗಾಲವು ಆಗಲೂ ಬೇಕಾಗಿತ್ತು. ಆದರೆ ಕಾಯಿಸುವ ಕೆಲಸವು ಸೌದೆಯ ಕೈಬಿಟ್ಟು ನೀರಿನ ಕೈಸೇರಿತು. ಮೊದಲನೆಯದು ಅದೇ ವಿಧಾನವನ್ನು ಹೆಚ್ಚು ಬಲದಿಂದ ನಡೆಸುವುದು. ಎರಡನೆಯದು ವಿಧಾನವನ್ನೇ ಬದಲಾಯಿಸುವುದು. ಚದುರಂಗದ ಯಂತ್ರಗಳ ಚರಿತ್ರೆಯಲ್ಲಿ ಈ ಎರಡು ಬಗೆಯ ವೃದ್ಧಿಗಳೂ ಹೆಣೆದುಕೊಂಡಿವೆ. ಅವನ್ನು ಬಿಡಿಸಿ ನೋಡಬೇಕಾಗಿದೆ.

ಚದುರಂಗವು ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಈ ಆಟದ ವರ್ಣನೆಯಿದೆ. ಕುದುರೆಯು ಒಂದು ಮನೆಯನ್ನೂ ಎರಡು ಸಲ ಮುಟ್ಟದೆ ಮಣೆಯ ಅರುವತ್ತನಾಲ್ಕು ಮನೆಗಳನ್ನೂ ಸುತ್ತುವ ಕ್ರಮವೂ ಇದೆ. ನಮ್ಮ ಜಿಲ್ಲೆಯ ಬಳ್ಳಿಗಾವಿಯು ಆ ದೊರೆಯ ರಾಜ್ಯದ ಪ್ರಮುಖ ನಗರಗಳಲ್ಲೊಂದಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, ಎಂದರೆ 1794ರಿಂದ 1868ರವರೆಗೆ ಬಾಳಿದ ಅರಸರು, ಇದೇ ಕುದುರೆಯ ಸುತ್ತುಗಳನ್ನು ರಚಿಸುವುದರಲ್ಲಿ ವಿಶೇಷ ಆಸಕ್ತಿಯುಳ್ಳವರಾಗಿದ್ದರು. ಕುದುರೆಯು ಮುಟ್ಟಿದ ಮನೆಗಳಿಗೆ 1ರಿಂದ 64ರವರೆಗೆ ಅನುಕ್ರಮವಾಗಿ ಅಂಕಿಗಳನ್ನು ಬರೆದರೆ ಎಲ್ಲ ಅಡ್ಡಸಾಲುಗಳ, ನೀಟಸಾಲುಗಳ ಮತ್ತು ಎರಡು ಕರ್ಣಗಳ ಮೊತ್ತವೂ 260 ಆಗುವಂತಹ ಸುತ್ತು ಸಾಧ್ಯವೇ ಎಂಬ ಪ್ರಶ್ನೆಯು ಬಹುಕಾಲ ಬಿಡಿಸಲಾಗದೆ ಉಳಿದಿತ್ತು. 2003ರ ಆಗಸ್ಟಿನಲ್ಲಿ ಗಣಕಯಂತ್ರಗಳು ಎಲ್ಲ ಸಾಧ್ಯತೆಗಳನ್ನೂ ಶೋಧಿಸಿ ಮುಗಿಸಿದುವು. ಅಡ್ಡ ಮತ್ತು ನೀಟಸಾಲುಗಳು ಸರಿಹೊಂದುವ ಸುತ್ತುಗಳು 140 ಬಗೆ. ಕರ್ಣಗಳೂ ಹೊಂದುವ ಸುತ್ತು ಒಂದೂ ಇಲ್ಲ. ಈ ಶೋಧನೆಗೆ ಹಿಡಿದದ್ದು ಎರಡು ತಿಂಗಳಷ್ಟು ಕಾಲದ ಗಣನೆ. ಇಮ್ಮಡಿ ವೇಗದ ಯಂತ್ರವಿದ್ದಿದ್ದರೆ ಒಂದು ತಿಂಗಳು ಸಾಕಾಗುತ್ತಿತ್ತು. ಪರಿಮಿತವಾದ ಲೆಕ್ಕದಲ್ಲಿ ವೇಗಕ್ಕೆ ಇಷ್ಟು ನೇರವಾದ ಬೆಲೆಯುಂಟು.

ಇಬ್ಬರು ಕುಳಿತಾಡುವ ಚದುರಂಗದ ಆಟವು ಹೀಗಲ್ಲ. ಅದರ ಸಾಧ್ಯತೆಗಳನ್ನು ಮುಗಿಸುವ ಯಂತ್ರವಿಲ್ಲ, ಮುಂದೆ ಆಗುವ ಲಕ್ಷಣವೂ ಇಲ್ಲ. ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1950ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ನಡೆಯಬಹುದಾದ ಆಟಗಳ ಸಂಖ್ಯೆಯು ಒಂದರ ಮುಂದೆ 120 ಸೊನ್ನೆಗಳನ್ನಿಟ್ಟಷ್ಟೆಂದು ಅಂದಾಜು ಮಾಡಿದನು. ಆದ್ದರಿಂದ ಯಂತ್ರವು ಕೆಲವು ನಡೆಗಳಷ್ಟು ಮುಂದೆ ನೋಡಿ, ಅಲ್ಲಿ ನಿಂತು, ಆಗ ಮಣೆಯ ಮೇಲಿರುವ ಕಾಯಿಗಳ ಸ್ಥಿತಿಯು ತನಗೆ ಅನುಕೂಲವೋ ಪ್ರತಿಕೂಲವೋ ಎಂದು ಒಂದು ಅಂಕಿಯಲ್ಲಿ ಬೆಲೆ ಕಟ್ಟಬೇಕು. ಎಷ್ಟು ಮುಂದೆ ನೋಡುವುದೆಂಬುದು ಶೋಧನೆಯ ಆಳ; ಹೇಗೆ ಬೆಲೆ ಕಟ್ಟುವುದೆಂಬುದು ಯಂತ್ರದ ವಿವೇಕ. ಒಬ್ಬ ಆಟಗಾರನ ಒಂದು ನಡೆಯನ್ನು ನಾವಿಲ್ಲಿ ಒಂದು ಮೆಟ್ಟಲೆಂದು ಕರೆಯೋಣ. ಯಂತ್ರದ ವೇಗದಿಂದ ನೇರವಾಗಿ ಹೆಚ್ಚುವುದು ಆಳ ಮಾತ್ರವೇ ಎಂಬುದನ್ನು ವಾಚಕರು ಗಮನದಲ್ಲಿಡಬೇಕು.

ಆಳದ ಬೆಲೆ ಎಷ್ಟೆಂದು ಲೆಕ್ಕ ಹಾಕುವುದು ಕಷ್ಟವಲ್ಲ. ಸಾಧಾರಣ ಸ್ಥಿತಿಯಲ್ಲಿ ಆಡಬಹುದಾದ ನಡೆಗಳು ಸುಮಾರು 30. ಒಂದು ಮೆಟ್ಟಲಿಗೆ 30, ಎರಡಕ್ಕೆ 900, ಮೂರಕ್ಕೆ 27,000. ಆರು ಮೆಟ್ಟಲುಗಳಿಗೆ, ಎಂದರೆ ಇಬ್ಬರೂ ಮೂರು ಮೂರು ಸಲ ಆಡುವಷ್ಟಕ್ಕೆ, 72 ಕೋಟಿ 90 ಲಕ್ಷ. ಶ್ಯಾನನ್ ಇದನ್ನು ದುಂಡಾಗಿ 100 ಕೋಟಿಯೆಂದು ಹಿಡಿದು, ಒಂದು ಸ್ಥಿತಿಗೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ಸಾಕೆಂದಿಟ್ಟುಕೊಂಡರೂ ಒಂದು ನಡೆಗೆ ಹದಿನಾರು ನಿಮಿಷಗಳಿಗೂ ಮೀರಿ ಬೇಕಾಗುವುದೆಂದು ತೋರಿಸಿದನು. ಅಂದಿನ ಕಾಲಕ್ಕೆ ಅದು ಕನಸಿನ ವೇಗ. 1956ರಲ್ಲಿ ಲಾಸ್ ಅಲಮೋಸಿನ ಮ್ಯಾನಿಯಾಕ್ ಯಂತ್ರವು ಸೆಕೆಂಡಿಗೆ ಸುಮಾರು 11,000 ಕ್ರಿಯೆಗಳನ್ನು ನಡೆಸುತ್ತಿತ್ತು. ಅದಕ್ಕೆ ಪೂರ್ಣ ಮಣೆಯು ಭಾರವಾದುದರಿಂದ, ಒಂಟೆಗಳನ್ನು ತೆಗೆದುಹಾಕಿ ಆರಕ್ಕೆ ಆರು ಮನೆಗಳ ಮಣೆಯ ಮೇಲೆ ಆಡಿಸಿದರು. ಆಗಲೂ ನಾಲ್ಕು ಮೆಟ್ಟಲು ನೋಡಿ ಒಂದು ನಡೆಯಿಡಲು ಹನ್ನೆರಡು ನಿಮಿಷಗಳು ಹಿಡಿಯುತ್ತಿದ್ದುವು.

ಮೇಲಿನ ಲೆಕ್ಕದ ತಾತ್ಪರ್ಯವಿಷ್ಟು: ಏನನ್ನೂ ಬಿಡದೆ ಎಲ್ಲವನ್ನೂ ನೋಡುವ ಯಂತ್ರಕ್ಕೆ ಇನ್ನೊಂದೇ ಒಂದು ಮೆಟ್ಟಲು ಇಳಿಯಬೇಕಾದರೆ ಮೂವತ್ತರಷ್ಟು ವೇಗ ಬೇಕು. ಇಮ್ಮಡಿ ವೇಗ ಕೊಟ್ಟರೆ ಅದು ಒಂದು ಮೆಟ್ಟಲಿನ ಐದನೆಯ ಒಂದು ಪಾಲನ್ನಷ್ಟೆ ಇಳಿಯುತ್ತದೆ. ಇಲ್ಲಿ ವಿಧಾನದ ಬದಲಾವಣೆಯು ಮೊದಲ ಬಾರಿಗೆ ರಂಗಕ್ಕೆ ಬರುತ್ತದೆ.

ಶಿವಮೊಗ್ಗದ ಅಡಿಕೆ ಮಂಡಿಯನ್ನು ಬಲ್ಲವರಿಗೆ ಈ ವಿಧಾನವನ್ನು ವಿವರಿಸುವುದು ಸುಲಭ. ಒಬ್ಬ ವ್ಯಾಪಾರಿಯು ಒಂದು ರಾಶಿಯ ಎಲ್ಲ ಚೀಲಗಳನ್ನೂ ಬಿಚ್ಚಿ ನೋಡಿ, ಅದರಲ್ಲಿ ಅತಿ ಕೆಟ್ಟ ಚೀಲವೂ ಇಂತಹ ಬೆಲೆಗೆ ಕಡಿಮೆಯಿಲ್ಲವೆಂದು ನಿರ್ಧರಿಸಿದ್ದಾನೆ. ಎರಡನೆಯ ರಾಶಿಯಲ್ಲಿ ಮೊದಲು ಬಿಚ್ಚಿದ ಚೀಲವೇ ಅದಕ್ಕಿಂತ ಕೀಳಾಗಿದ್ದರೆ ಉಳಿದ ಚೀಲಗಳನ್ನು ಬಿಚ್ಚುವ ಅಗತ್ಯ ಅವನಿಗಿಲ್ಲ; ಆ ರಾಶಿಯು ಎಷ್ಟು ಕೆಟ್ಟದ್ದೆಂದು ತಿಳಿಯುವುದರಿಂದ ಪ್ರಯೋಜನವಿಲ್ಲ, ಕೆಟ್ಟದ್ದೆಂದು ತಿಳಿದರೆ ಸಾಕು. ಹಾಗೆಯೇ, ನನ್ನ ಒಂದು ನಡೆಗೆ ಎದುರಾಳಿಯ ಒಂದು ಮಾರುತ್ತರವು ನನ್ನನ್ನು ಕೆಡಿಸುವುದೆಂದು ಕಂಡ ಮೇಲೆ ಉಳಿದ ಇಪ್ಪತ್ತೊಂಬತ್ತು ಮಾರುತ್ತರಗಳನ್ನು ನೋಡಬೇಕಾದುದಿಲ್ಲ. ಆಲ್ಫಾ-ಬೀಟಾ ಎಂದು ಹೆಸರಾದ ಈ ಉಪಾಯದಿಂದ ಉತ್ತರವು ಸ್ವಲ್ಪವೂ ಬದಲಾಗುವುದಿಲ್ಲ, ನೋಡಬೇಕಾದುದು ಮಾತ್ರ ಕಡಿಮೆಯಾಗುತ್ತದೆ. ಡೊನಾಲ್ಡ್ ಕ್ನೂತ್ ಮತ್ತು ರೊನಾಲ್ಡ್ ಮೂರ್ ಅವರು 1975ರಲ್ಲಿ ಇದನ್ನು ಗಣಿತದಿಂದ ವಿಶ್ಲೇಷಿಸಿದರು. ಒಳ್ಳೆಯ ನಡೆಗಳನ್ನು ಮೊದಲು ನೋಡುವಂತೆ ಕ್ರಮವಿಟ್ಟರೆ, ಆರು ಮೆಟ್ಟಲುಗಳ ಆ 72 ಕೋಟಿ 90 ಲಕ್ಷ ಸ್ಥಿತಿಗಳಿಗೆ ಬದಲಾಗಿ 53,999 ಸ್ಥಿತಿಗಳನ್ನು ನೋಡಿದರೆ ಸಾಕು.

ಈ ಎರಡು ಸಂಖ್ಯೆಗಳ ಪ್ರಮಾಣವು 13,500. ಇಷ್ಟು ಲಾಭವನ್ನು ಬರಿಯ ವೇಗದಿಂದ ಪಡೆಯಬೇಕಾಗಿದ್ದರೆ ಯಂತ್ರದ ವೇಗವು ಹದಿಮೂರು ಸಲಕ್ಕೂ ಮಿಗಿಲಾಗಿ ಇಮ್ಮಡಿಸಬೇಕಾಗಿತ್ತು. ಎರಡು ವರ್ಷಗಳಿಗೊಮ್ಮೆ ಇಮ್ಮಡಿಸುವುದೆಂದಿಟ್ಟುಕೊಂಡರೂ ಇಪ್ಪತ್ತೇಳು ವರ್ಷಗಳು ಕಾಯಬೇಕಾಗಿತ್ತು. ಕಾಗದದ ಮೇಲೆ ಅರ್ಧ ಪುಟದಲ್ಲಿ ಬರೆಯಬಹುದಾದ ಒಂದು ಯೋಚನೆಯು ಒಂದು ತಲೆಮಾರಿನ ಯಂತ್ರಶಿಲ್ಪಕ್ಕೆ ಸಮನಾಯಿತು. ವಾಸ್ತವದಲ್ಲಿ ನಡೆಗಳ ಕ್ರಮವು ಎಂದೂ ಪರಿಪೂರ್ಣವಾಗಿರುವುದಿಲ್ಲವಾದ್ದರಿಂದ ಲಾಭವು ಇಷ್ಟು ಪೂರ್ಣವಾಗಿ ಕೈಗೆ ಬರುವುದಿಲ್ಲ. ಆದರೂ ಒಂದು ಮೆಟ್ಟಲಿಗೆ ಬೇಕಾದ ವೇಗವು ಮೂವತ್ತರಷ್ಟರಿಂದ ಐದಾರರಷ್ಟಕ್ಕೆ ಇಳಿಯಿತು.

ಇನ್ನು ಬಲವನ್ನು ಅಳೆಯುವ ಬಗೆ. ಆರ್ಪಾಡ್ ಈಲೋ ಎಂಬ ಪ್ರಾಧ್ಯಾಪಕರು ರೂಪಿಸಿದ ಬಲಾಂಕ ಪದ್ಧತಿಯು ಇಂದು ಎಲ್ಲೆಡೆ ರೂಢಿಯಲ್ಲಿದೆ. ಇಬ್ಬರ ಬಲಾಂಕಗಳ ನಡುವಣ ಅಂತರವು 100 ಆದರೆ ಬಲಶಾಲಿಯು ನೂರು ಆಟಗಳಲ್ಲಿ 64 ಅಂಶಗಳನ್ನೂ, 200 ಆದರೆ 76 ಅಂಶಗಳನ್ನೂ ಗಳಿಸಬೇಕೆಂದು ನಿರೀಕ್ಷೆ. ಶಿವಮೊಗ್ಗದವರೇ ಆದ ಜಿ. ಎ. ಸ್ಟ್ಯಾನಿಯವರು ಪಡೆದಿರುವ ಗ್ರ್ಯಾಂಡ್‌ಮಾಸ್ಟರ್ ಪದವಿಗೆ 2500 ಮುಟ್ಟಿರಬೇಕು. ಮಾನವರಲ್ಲಿ ಈವರೆಗಿನ ಅತ್ಯುಚ್ಚ ಅಂಕವು ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸೆನ್ 2014ರಲ್ಲಿ ಮುಟ್ಟಿದ 2882. ಇಲ್ಲಿ ಅಂಕಗಳ ವ್ಯತ್ಯಾಸಕ್ಕೆ ಮಾತ್ರ ಅರ್ಥವುಂಟು. 2400 ಅಂಕದವನು 1200 ಅಂಕದವನ ಇಮ್ಮಡಿ ಬಲಶಾಲಿಯೆಂದು ಹೇಳುವುದು ಅರ್ಥಹೀನ.

ವೇಗಕ್ಕೂ ಬಲಾಂಕಕ್ಕೂ ಇರುವ ಸಂಬಂಧವನ್ನು ಮೊದಲು ಶಿಸ್ತಾಗಿ ಪರೀಕ್ಷಿಸಿದವರಲ್ಲಿ ಬೆಲ್ ಪ್ರಯೋಗಶಾಲೆಯ ಕೆನ್ ಥಾಂಪ್ಸನ್ ಪ್ರಮುಖರು. ಅವರೂ ಜೋ ಕಾಂಡನ್ನರೂ ಸೇರಿ ಕಟ್ಟಿದ ಬೆಲ್ ಎಂಬ ಯಂತ್ರವು ಸೆಕೆಂಡಿಗೆ ಸುಮಾರು 1,60,000 ಸ್ಥಿತಿಗಳನ್ನು ನೋಡುತ್ತಿತ್ತು. 1983ರಲ್ಲಿ ಅಮೆರಿಕದ ಮಾಸ್ಟರ್ ಪದವಿಯನ್ನು ಪಡೆದ ಮೊದಲನೆಯ ಯಂತ್ರವೂ ಅದೇ. ಥಾಂಪ್ಸನ್ನರ ಉಪಾಯ ಸರಳವಾದದ್ದು. ಒಂದೇ ಪ್ರೋಗ್ರಾಮನ್ನು ಹಲವು ಆಳಗಳಿಗೆ ಕಟ್ಟಿಹಾಕಿ, ನಾಲ್ಕು ಮೆಟ್ಟಲಿನದು ಐದು ಮೆಟ್ಟಲಿನದರೊಡನೆ, ಐದರದು ಆರರದರೊಡನೆ, ಹೀಗೆ ಒಂಬತ್ತರವರೆಗೆ ತಮ್ಮ ತಮ್ಮಲ್ಲಿಯೇ ಆಡಿಸಿದರು. ವಿವೇಕವು ಎಲ್ಲಕ್ಕೂ ಒಂದೇ, ಆಳ ಮಾತ್ರ ಬೇರೆ. ಇದಕ್ಕಿಂತ ಚೊಕ್ಕವಾದ ಪ್ರಯೋಗವನ್ನು ಚರಿತ್ರಕಾರನು ಬಯಸಲಾರನು. ನಮ್ಮ ಶಾಸ್ತ್ರದಲ್ಲಿ ಒಂದು ಕಾರಣವನ್ನು ಮಾತ್ರ ಬದಲಾಯಿಸಿ ಪಾಣಿಪತ್ ಯುದ್ಧವನ್ನು ಮತ್ತೆ ನಡೆಸಿ ನೋಡುವ ಸೌಲಭ್ಯವಿಲ್ಲ. 1982ರಲ್ಲಿ ಪ್ರಕಟವಾದ ಫಲಿತಾಂಶವು ಹೀಗಿತ್ತು: ಸ್ಥೂಲವಾಗಿ ಒಂದು ಮೆಟ್ಟಲಿಗೆ 200 ಅಂಕಗಳು ಏರುತ್ತವೆ, ಆದರೆ ಮೇಲೇರಿದಂತೆಲ್ಲ ಒಂದೊಂದು ಮೆಟ್ಟಲಿನ ಲಾಭವು ಹಿಂದಿನದಕ್ಕಿಂತ ಕಿರಿದಾಗುತ್ತದೆ.

ಒಂದು ಮೆಟ್ಟಲಿಗೆ ಐದಾರರಷ್ಟು ವೇಗ ಬೇಕೆಂದು ಹಿಂದೆ ಹೇಳಿದೆವು. ಐದಾರು ಪಟ್ಟೆಂದರೆ ಸುಮಾರು ಎರಡೂವರೆ ಸಲ ಇಮ್ಮಡಿಸುವುದು. ಆದ್ದರಿಂದ ಒಂದು ಇಮ್ಮಡಿಗೆ ಸುಮಾರು 80 ಅಂಕಗಳು ಬರಬೇಕಾಯಿತು. ಅನಂತರದ ಕಾಲದಲ್ಲಿ ಸಾಮಾನ್ಯವಾಗಿ ಹೇಳಲ್ಪಡುತ್ತ ಬಂದಿರುವ ಅಂದಾಜು 50ರಿಂದ 70. ಇಂದಿನ ಅತಿ ಬಲಿಷ್ಠ ಪ್ರೋಗ್ರಾಂಗಳಲ್ಲಿ, ಯೋಚನೆಗೆ ದೀರ್ಘ ಕಾಲಾವಕಾಶ ಕೊಟ್ಟಾಗ, ಅದಕ್ಕಿಂತಲೂ ಬಹಳ ಕಡಿಮೆ. ಏಕೆಂದರೆ ಎರಡು ಪಕ್ಷಗಳೂ ತಪ್ಪು ಮಾಡದಷ್ಟು ಬಲಿಷ್ಠವಾದಾಗ ಬಹುಪಾಲು ಆಟಗಳು ಸಮನಾಗಿ ಮುಗಿಯುತ್ತವೆ, ಹೆಚ್ಚುವರಿ ಬಲವನ್ನು ತೋರಿಸಲು ಎಡೆಯೇ ಇರುವುದಿಲ್ಲ. ಅಲ್ಲದೆ ಒಂದೇ ಪ್ರೋಗ್ರಾಂ ತನ್ನ ಪ್ರತಿರೂಪದೊಡನೆ ಆಡಿದಾಗ ವ್ಯತ್ಯಾಸವು ಇದ್ದುದಕ್ಕಿಂತ ದೊಡ್ಡದಾಗಿ ಕಾಣುವುದುಂಟು. ಎರಡರ ವಿವೇಕವೂ ಒಂದೇ ಆದುದರಿಂದ ಆಳವಾಗಿ ನೋಡುವುದು ಎದುರಾಳಿಯ ಮನಸ್ಸನ್ನೇ ಓದಿದಂತಾಗುತ್ತದೆ.

ಈಗ ನಮ್ಮ ಮೊದಲ ಪ್ರಶ್ನೆಗೆ ಒಂದು ರೂಪ ಬಂದಿತು. ವೇಗವನ್ನು ಗುಣಿಸಿದರೆ ಬಲಕ್ಕೆ ಕೂಡುತ್ತದೆ. ವೇಗವು 2, 4, 8, 16 ಎಂದು ಹೋದರೆ ಬಲವು 60, 120, 180, 240 ಎಂದು ಹೋಗುತ್ತದೆ. ಅದೂ ಮೊದಲ ಭಾಗದಲ್ಲಿ. ಸಾವಿರ ಪಟ್ಟು ವೇಗಕ್ಕೆ ಬರುವುದು 600 ಅಂಕಗಳು, ಹತ್ತು ಲಕ್ಷ ಪಟ್ಟಿಗೆ 1200. ಚದುರಂಗದ ಮಣೆಯ ಮೊದಲ ಮನೆಗೆ ಒಂದು ಕಾಳು, ಮುಂದಿನದಕ್ಕೆ ಎರಡು ಎಂದು ಬೇಡಿದ ಜಾಣನ ಕಥೆಯನ್ನು ಎಲ್ಲರೂ ಬಲ್ಲರು. ಇಲ್ಲಿ ಕಾಳುಗಳನ್ನು ತೆರುವವನು ಯಂತ್ರವನ್ನು ಕೊಳ್ಳುವವನು. ಅವನಿಗೆ ದೊರೆಯುವುದು ದಾಟಿದ ಮನೆಗಳ ಸಂಖ್ಯೆ ಮಾತ್ರ.

ಮೆಟ್ಟಲುಗಳು ಹೆಚ್ಚಿದರೂ ಹೋಗದ ಒಂದು ದೋಷವುಂಟು. ಕೊಡಚಾದ್ರಿಯ ದಾರಿಯಲ್ಲಿ ಒಂದು ಗುಡ್ಡವನ್ನೇರಿದವನಿಗೆ ಮುಂದಿನ ಗುಡ್ಡ ಕಾಣುತ್ತದೆ, ಅದರಾಚೆಯ ಕಣಿವೆ ಕಾಣುವುದಿಲ್ಲ. ಎಂಟು ಮೆಟ್ಟಲು ನೋಡಬಲ್ಲ ಯಂತ್ರಕ್ಕೆ ಏಳನೆಯ ಮೆಟ್ಟಲಲ್ಲಿ ತನ್ನ ಮಂತ್ರಿಯು ಸಾಯುವುದು ಕಂಡಿತೆನ್ನೋಣ. ಅದು ನಡುವೆ ಒಂದೆರಡು ಪದಾತಿಗಳನ್ನು ವ್ಯರ್ಥವಾಗಿ ಬಲಿಗೊಟ್ಟು ಆ ಸಾವನ್ನು ಒಂಬತ್ತನೆಯ ಮೆಟ್ಟಲಿಗೆ ತಳ್ಳುತ್ತದೆ. ಕಣ್ಣಿಗೆ ಬೀಳದ ಕಾರಣ ಸಾವೇ ತಪ್ಪಿತೆಂದು ತಿಳಿಯುತ್ತದೆ. ಹ್ಯಾನ್ಸ್ ಬರ್ಲಿನರ್ 1970ರ ದಶಕದಲ್ಲಿ ಇದನ್ನು ದಿಗಂತದೋಷವೆಂದು ಕರೆದರು. ವೇಗವು ದಿಗಂತವನ್ನು ದೂರ ತಳ್ಳುತ್ತದೆ, ಇಲ್ಲವಾಗಿಸುವುದಿಲ್ಲ. ಕಾಯಿಗಳು ಹೊಡೆದಾಡುತ್ತಿರುವ ಸ್ಥಿತಿಯಲ್ಲಿ ಬೆಲೆ ಕಟ್ಟದೆ ಗದ್ದಲವು ಶಾಂತವಾಗುವವರೆಗೆ ಮುಂದೆ ನೋಡುವಂತೆ ವಿಧಿಸಿದ ಮೇಲೆ, ಎಂದರೆ ಮತ್ತೆ ವಿಧಾನವು ಬದಲಾದ ಮೇಲೆಯೇ, ಈ ದೋಷವು ಗಣನೀಯವಾಗಿ ತಗ್ಗಿತು.

ಚರಿತ್ರೆಯ ದಾಖಲೆಗಳು ಈ ವಿಚಾರದಲ್ಲಿ ಏನು ಹೇಳುತ್ತವೆ? 1966-67ರಲ್ಲಿ ತಂತಿಯ ಮೂಲಕ ನಡೆದ ಪಂದ್ಯವೊಂದರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಪ್ರೋಗ್ರಾಂ ಐಬಿಎಂ 7090 ಎಂಬ ಯಂತ್ರದ ಮೇಲೂ, ಮಾಸ್ಕೋದ ಭೌತವಿಜ್ಞಾನ ಸಂಸ್ಥೆಯೊಂದರ ಪ್ರೋಗ್ರಾಂ ಅದಕ್ಕಿಂತ ನಿಧಾನವಾದ ಸೋವಿಯತ್ ಯಂತ್ರದ ಮೇಲೂ ಆಡಿದುವು. ಮಾಸ್ಕೋ 3-1ರಿಂದ ಗೆದ್ದಿತು. ಅಮೆರಿಕದ ಪ್ರೋಗ್ರಾಂ ಮೇಲ್ನೋಟಕ್ಕೆ ಸರಿಯೆನಿಸಿದ ಕೆಲವೇ ನಡೆಗಳನ್ನು ಆರಿಸಿ ನೋಡುತ್ತಿತ್ತು. ಆರಿಸದೆ ಬಿಟ್ಟ ನಡೆಗಳಲ್ಲಿಯೇ ಸೋಲು ಅಡಗಿತ್ತು. ಮಾಸ್ಕೋದ್ದು ಎಲ್ಲ ನಡೆಗಳನ್ನೂ ನೋಡುತ್ತಿತ್ತು. 1995ರಲ್ಲಿ ಹಾಂಗ್‌ಕಾಂಗಿನ ವಿಶ್ವಸ್ಪರ್ಧೆಯಲ್ಲಿ ಅಂಗಡಿಯಲ್ಲಿ ದೊರೆಯುವ ಪೆಂಟಿಯಂ ಯಂತ್ರದ ಮೇಲಿದ್ದ ಫ್ರಿಟ್ಜ್ ಎಂಬ ಪ್ರೋಗ್ರಾಂ, ಐಬಿಎಂ ಸಂಸ್ಥೆಯ ವಿಶೇಷ ಯಂತ್ರವನ್ನು ಒಂದು ಆಟದಲ್ಲಿ ಸೋಲಿಸಿ ಪ್ರಶಸ್ತಿಯನ್ನೂ ಪಡೆಯಿತು. ಒಂದು ಆಟದಿಂದ ಏನೂ ಸಿದ್ಧವಾಗುವುದಿಲ್ಲವೆಂಬುದು ನಿಜ. ಆದರೆ ವೇಗವೇ ಸರ್ವಸ್ವವೆಂಬ ವಾದವನ್ನು ಶಂಕಿಸುವುದಕ್ಕೆ ಸಾಕು.

ಆ ವಾದಕ್ಕೆ ಸಾಧಾರಣವಾಗಿ ಕೊಡುವ ಸಾಕ್ಷ್ಯವು ಡೀಪ್ ಬ್ಲೂ. ಅದೇ ಐಬಿಎಂ ಸಂಸ್ಥೆಯ ಈ ಯಂತ್ರವು 1996ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯದಲ್ಲಿ ಗ್ಯಾರಿ ಕ್ಯಾಸ್ಪರೋವ್‌ಗೆ 4-2ರಿಂದ ಸೋತಿತು. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ 3½-2½ರಿಂದ ಗೆದ್ದಿತು. ನಡುವೆ ಅದರ ವೇಗವು ಸೆಕೆಂಡಿಗೆ 10 ಕೋಟಿ ಸ್ಥಿತಿಗಳಿಂದ 20 ಕೋಟಿಗೆ ಇಮ್ಮಡಿಸಿತ್ತು. ವೇಗ ಇಮ್ಮಡಿಯಾಯಿತು, ಸೋತವನು ಗೆದ್ದನು. ಇಷ್ಟು ಸಾಲದೇ ಎಂದು ಕೇಳುವವರುಂಟು. ಸಾಲದು. ಅದೇ ಅವಧಿಯಲ್ಲಿ ಯಂತ್ರದ 480 ಚದುರಂಗದ ಚಿಪ್ಪುಗಳು ಹೊಸದಾಗಿ ರಚಿಸಲ್ಪಟ್ಟುವು, ಬೆಲೆ ಕಟ್ಟುವ ಲಕ್ಷಣಗಳ ಸಂಖ್ಯೆಯು 8000ದ ಹತ್ತಿರಕ್ಕೇರಿತು, ಜೋಯಲ್ ಬೆಂಜಮಿನ್ ಎಂಬ ಗ್ರ್ಯಾಂಡ್‌ಮಾಸ್ಟರ್ ಅದರ ದೋಷಗಳನ್ನು ಹುಡುಕಿ ತಿದ್ದಿಸಿದರು. ಎದುರಾಳಿಯ ಮನಸ್ಥಿತಿಯೂ ಎರಡು ವರ್ಷಗಳಲ್ಲಿ ಒಂದೇ ಆಗಿರಲಿಲ್ಲ. ಒಂದು ಇಮ್ಮಡಿಗೆ 60 ಅಂಕಗಳೆಂದಿಟ್ಟುಕೊಂಡರೆ ಆರು ಆಟಗಳಲ್ಲಿ ಅದರಿಂದಾಗುವ ವ್ಯತ್ಯಾಸವು ಅರ್ಧ ಅಂಶದಷ್ಟು; ಫಲಿತಾಂಶದಲ್ಲಿ ಆದ ವ್ಯತ್ಯಾಸವು ಒಂದೂವರೆ ಅಂಶ. ಇಷ್ಟು ಕಡಿಮೆ ಆಟಗಳಲ್ಲಿ ಅದೃಷ್ಟದ ಪಾಲೂ ಸೇರಿರುತ್ತದೆ. ಪತ್ರಿಕೆಗಳು ಈ ಪಂದ್ಯವನ್ನು ವೇಗದ ವಿಜಯವೆಂದು ಸಾರಿದುವು. ಆ ತೀರ್ಪಿಗೆ ಆಧಾರವಿಲ್ಲವೆಂದು ನಮ್ಮ ಅಭಿಪ್ರಾಯ.

ಹನ್ನೆರಡು ವರ್ಷಗಳ ತರುವಾಯ, 2009ರ ಆಗಸ್ಟಿನಲ್ಲಿ, ಬ್ಯೂನಸ್ ಐರಿಸಿನ ಪಂದ್ಯಾವಳಿಯೊಂದರಲ್ಲಿ ಪಾಕೆಟ್ ಫ್ರಿಟ್ಜ್ ಎಂಬ ಪ್ರೋಗ್ರಾಂ ಅಂಗೈಯಲ್ಲಿ ಹಿಡಿಯುವ ಫೋನಿನ ಮೇಲೆ ಆಡಿ ಹತ್ತರಲ್ಲಿ 9½ ಅಂಶಗಳನ್ನು ಗಳಿಸಿತು. ಅದರ ಸಾಧನೆಯ ಬಲಾಂಕವು 2898. ಆ ಫೋನು ನೋಡುತ್ತಿದ್ದುದು ಸೆಕೆಂಡಿಗೆ 20,000ಕ್ಕೂ ಕಡಿಮೆ ಸ್ಥಿತಿಗಳನ್ನು, ಎಂದರೆ ಡೀಪ್ ಬ್ಲೂವಿನ ಹತ್ತು ಸಾವಿರದಲ್ಲೊಂದು ಪಾಲು. ಎದುರಾಳಿಗಳು ಕ್ಯಾಸ್ಪರೋವ್‌ನ ಸಮಾನರಲ್ಲವಾದ್ದರಿಂದ ಎರಡನ್ನೂ ನೇರವಾಗಿ ತೂಗುವುದು ನ್ಯಾಯವಲ್ಲ. ಆದರೂ ಹತ್ತು ಸಾವಿರ ಪಟ್ಟು ವೇಗವೆಂದರೆ ಹದಿಮೂರು ಇಮ್ಮಡಿಗಳು. ಹಿಂದಿನ ಲೆಕ್ಕದ ಮೇರೆಗೆ ಫೋನು 700-800 ಅಂಕಗಳಷ್ಟು ಹಿಂದೆ ಬಿದ್ದಿರಬೇಕಾಗಿತ್ತು. ಅದು ಹಾಗೆ ಹಿಂದೆ ಬೀಳದಿದ್ದುದಕ್ಕೆ ಕಾರಣವು ಆ ಹನ್ನೆರಡು ವರ್ಷಗಳಲ್ಲಿ ವಿಧಾನದಲ್ಲಾದ ಸುಧಾರಣೆಗಳು: ನಿರರ್ಥಕವೆಂದು ಕಾಣುವ ದಾರಿಗಳನ್ನು ಆಳಕ್ಕಿಳಿಯದೆ ಬಿಡುವುದು, ಭರವಸೆಯ ದಾರಿಗಳನ್ನು ಮತ್ತಷ್ಟು ಆಳಕ್ಕೆ ನೋಡುವುದು, ಬೆಲೆ ಕಟ್ಟುವುದರಲ್ಲಿ ಸೂಕ್ಷ್ಮತೆ. 1966ರಲ್ಲಿ ಸೋತಿದ್ದ ಆರಿಸಿ ನೋಡುವ ವಿಧಾನವೇ ಬೇರೊಂದು ರೂಪದಲ್ಲಿ ಹಿಂದಿರುಗಿತೆಂಬುದು ಸ್ವಾರಸ್ಯಕರ ಸಂಗತಿ.

2017ರ ಡಿಸೆಂಬರಿನಲ್ಲಿ ಪ್ರಕಟವಾದ ಆಲ್ಫಾಜೀರೋ ಪ್ರೋಗ್ರಾಮಿನ ಫಲಿತಾಂಶವು ಈ ವಾದವನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿತು. ಅದು ಸೆಕೆಂಡಿಗೆ 80,000 ಸ್ಥಿತಿಗಳನ್ನೂ, ಎದುರಾಳಿಯಾದ ಸ್ಟಾಕ್‌ಫಿಶ್ 7 ಕೋಟಿ ಸ್ಥಿತಿಗಳನ್ನೂ ನೋಡುತ್ತಿದ್ದುವು. ನೂರು ಆಟಗಳಲ್ಲಿ ಆಲ್ಫಾಜೀರೋ 28 ಗೆದ್ದು, ಉಳಿದ 72 ಸಮನಾದುವು. ಸ್ಟಾಕ್‌ಫಿಶ್‌ಗೆ ಕೊಟ್ಟ ಅನುಕೂಲಗಳು ಸಾಲವೆಂಬ ಆಕ್ಷೇಪವು ಆಗಲೇ ಬಂದಿತು, ಅದರಲ್ಲಿ ಹುರುಳೂ ಇತ್ತು. ಏನೇ ಆಗಲಿ, ಅಲ್ಪ ವೇಗವು ಅಧಿಕ ವೇಗವನ್ನು ಗೆದ್ದಿತೆಂದು ಇದನ್ನು ಬರೆದರೆ ಅರ್ಧ ಸತ್ಯವಾಗುತ್ತದೆ. ಆಲ್ಫಾಜೀರೋ ತನ್ನ ವಿವೇಕವನ್ನು ಯಾರಿಂದಲೂ ಕಲಿಯದೆ, ತನ್ನೊಡನೆ ತಾನೇ ಆಡಿ ಕಲಿತದ್ದು. ಆ ಆಟಗಳನ್ನು ಉತ್ಪಾದಿಸಲು 5000 ವಿಶೇಷ ಸಂಸ್ಕಾರಕಗಳು ದುಡಿದುವು. ಯಂತ್ರಬಲವು ಮಾಯವಾಗಲಿಲ್ಲ, ಪಂದ್ಯದ ವೇಳೆಯಿಂದ ಪಂದ್ಯದ ಹಿಂದಣ ಸಿದ್ಧತೆಗೆ ಸ್ಥಳಾಂತರವಾಯಿತು. 2020ರ ಸೆಪ್ಟೆಂಬರಿನಲ್ಲಿ ಹೊರಬಂದ ಸ್ಟಾಕ್‌ಫಿಶ್ 12 ಕೂಡ ಬೆಲೆ ಕಟ್ಟಲು ಕಲಿತ ಜಾಲವೊಂದನ್ನು ಅಳವಡಿಸಿಕೊಂಡಿತು. ಸೆಕೆಂಡಿಗೆ ನೋಡುವ ಸ್ಥಿತಿಗಳು ಗಮನಾರ್ಹವಾಗಿ ಕಡಿಮೆಯಾದರೂ ಬಲವು ನೂರು ಅಂಕಗಳಷ್ಟು ಏರಿತು.

ಯಂತ್ರ ಮತ್ತು ವಿಧಾನಗಳ ಪಾಲನ್ನು ಹಂಚುವ ಕೆಲಸವು ಇಲ್ಲಿಗೆ ಬಂದಾಗ ಜಟಿಲವಾಗುತ್ತದೆ. ಸ್ಟಾಕ್‌ಫಿಶ್‌ನ ಪ್ರತಿಯೊಂದು ಸಣ್ಣ ತಿದ್ದುಪಡಿಯೂ 2013ರಿಂದೀಚೆಗೆ, ಸ್ವಯಂಸೇವಕರು ತಮ್ಮ ಮನೆಯ ಯಂತ್ರಗಳನ್ನು ಎರವು ಕೊಟ್ಟು ನಡೆಸುವ ಸಾವಿರಾರು ಆಟಗಳ ಪರೀಕ್ಷೆಗೆ ಒಳಗಾಗುತ್ತದೆ. ಎರಡು ಮೂರು ಅಂಕಗಳ ಲಾಭವನ್ನು ಅದೃಷ್ಟದಿಂದ ಬೇರ್ಪಡಿಸಲು ಅಷ್ಟು ಆಟಗಳು ಬೇಕು; ಅಷ್ಟು ಆಟಗಳನ್ನು ಆಡಿಸಲು ವೇಗದ ಯಂತ್ರಗಳು ಬೇಕು. ಹೀಗೆ ವಿಧಾನದ ಸುಧಾರಣೆಯೆಂದು ನಾವು ಒಂದು ಕಡೆ ಬರೆದಿಡುವ ಲಾಭದೊಳಗೂ ಯಂತ್ರದ ವೇಗವು ಸೇರಿಕೊಂಡಿದೆ. ಭದ್ರಾವತಿಯ ವಿದ್ಯುತ್ ಕುಲುಮೆಯೂ ಜೋಗದ ನೀರಿಲ್ಲದೆ ಉರಿಯಲಿಲ್ಲ. ಪಾಲು ಹಂಚುವವರು ಅವಧಿಯನ್ನು ಹೇಳದೆ ಅಂಕಿಯನ್ನು ಹೇಳಬಾರದೆಂದಷ್ಟೇ ನಾವು ವಾದಿಸುತ್ತೇವೆ. 1950ರಿಂದ 1980ರವರೆಗೆ ಯಂತ್ರವಿಲ್ಲದೆ ವಿಧಾನಕ್ಕೆ ಕಾಲೂರಲು ನೆಲವಿರಲಿಲ್ಲ. 1997ರಿಂದೀಚೆಗೆ ಹಳೆಯ ಯಂತ್ರಗಳ ಮೇಲೂ ಹೊಸ ವಿಧಾನವು ಗೆಲ್ಲುತ್ತ ಬಂದಿದೆ.

ಈ ವಿಚಾರಣೆಗೆ ನಮ್ಮ ಊರುಗಳಲ್ಲಿ ಒಂದು ವ್ಯಾವಹಾರಿಕ ಮುಖವೂ ಉಂಟು. ಶಿವಮೊಗ್ಗ, ಭದ್ರಾವತಿಗಳ ವಿದ್ಯಾರ್ಥಿಗಳಲ್ಲಿ ಚದುರಂಗವನ್ನು ಗಂಭೀರವಾಗಿ ಅಭ್ಯಾಸ ಮಾಡುವವರಿದ್ದಾರೆ. ತಮ್ಮಲ್ಲಿರುವ ಗಣಕಯಂತ್ರ ಹಳೆಯದು, ಬೆಂಗಳೂರಿನ ಹುಡುಗರಲ್ಲಿರುವುದು ಹೊಸದು, ಆದ್ದರಿಂದ ತಾವು ಹಿಂದೆ ಬಿದ್ದೆವೆಂಬ ಕೊರಗು ಅವರಲ್ಲಿ ಕೇಳಿಬರುತ್ತದೆ. ಕಾಲೇಜುಗಳು ಯಂತ್ರಗಳಿಗೆ ಹಣ ಕೇಳುವಾಗಲೂ ಇದೇ ಮಾತು ಬರುತ್ತದೆ. ನಾಲ್ಕರಷ್ಟು ನಿಧಾನವಾದ ಯಂತ್ರವೆಂದರೆ ಎರಡು ಇಮ್ಮಡಿಗಳ ನಷ್ಟ, ಹೆಚ್ಚೆಂದರೆ ನೂರಿಪ್ಪತ್ತು ನೂರನಲವತ್ತು ಅಂಕಗಳು. ಅಷ್ಟನ್ನು ಕಳೆದುಕೊಂಡ ಮೇಲೂ ಉಚಿತವಾಗಿ ದೊರೆಯುವ ಸ್ಟಾಕ್‌ಫಿಶ್ ಜಗತ್ತಿನ ಯಾವ ಆಟಗಾರನಿಗಿಂತಲೂ ಬಹಳ ಬಲಶಾಲಿಯಾಗಿಯೇ ಉಳಿಯುತ್ತದೆ. ಅಲ್ಲದೆ ವೇಗವೂ ಕಾಲವೂ ಇಲ್ಲಿ ಪರಸ್ಪರ ಬದಲಾಯಿಸಿಕೊಳ್ಳಬಹುದಾದ ವಸ್ತುಗಳು: ಹೊಸ ಯಂತ್ರವು ಹತ್ತು ಸೆಕೆಂಡುಗಳಲ್ಲಿ ಕೊಡುವ ಉತ್ತರವನ್ನು ಹಳೆಯದು ನಲವತ್ತು ಸೆಕೆಂಡುಗಳಲ್ಲಿ ಕೊಡುತ್ತದೆ. ಈ ಹಣವನ್ನು ಪುಸ್ತಕಗಳಿಗೂ, ಪಂದ್ಯಾವಳಿಗಳಿಗೆ ಹೋಗಿಬರುವ ಖರ್ಚಿಗೂ ಬಳಸುವುದು ಲೇಸೆಂದು ನಮಗೆ ತೋರುತ್ತದೆ.

ಇದನ್ನು ನಂಬದವರು ತಾವೇ ಪರೀಕ್ಷಿಸಬಹುದು. ಒಂದೇ ಯಂತ್ರದಲ್ಲಿ ಒಂದೇ ಪ್ರೋಗ್ರಾಮನ್ನು ಎರಡು ಪಕ್ಷಗಳಾಗಿ ಮಾಡಿ, ಒಂದಕ್ಕೆ ನಡೆಯೊಂದಕ್ಕೆ ಒಂದು ಸೆಕೆಂಡನ್ನೂ ಇನ್ನೊಂದಕ್ಕೆ ಎರಡು ಸೆಕೆಂಡುಗಳನ್ನೂ ಕೊಟ್ಟು ಆಡಿಸಬೇಕು. ಬಿಳಿಯ ಕಾಯಿಗಳು ಪ್ರತಿ ಆಟಕ್ಕೂ ಬದಲಾಗಬೇಕು. ಆರಂಭದ ನಡೆಗಳೂ ಬೇರೆ ಬೇರೆಯಾಗಿರಬೇಕು, ಇಲ್ಲವಾದರೆ ಒಂದೇ ಆಟವು ಮತ್ತೆ ಮತ್ತೆ ಬರುವುದು. ಹತ್ತು ಆಟಗಳನ್ನಾಡಿಸಿ ತೀರ್ಮಾನಕ್ಕೆ ಬರಕೂಡದು. 50 ಅಂಕಗಳ ಅಂತರವೆಂದರೆ ನೂರಕ್ಕೆ 57 ಅಂಶಗಳು ಮಾತ್ರ. ನೂರು ಆಟಗಳಲ್ಲಿ ಅದೃಷ್ಟದಿಂದಲೇ ನಾಲ್ಕೈದು ಅಂಶಗಳು ಆಚೀಚೆಯಾಗಬಹುದು. ನಾನೂರು ಆಟಗಳಾದರೂ ಬೇಕು. ಯಂತ್ರವನ್ನು ಕೆಲವು ರಾತ್ರಿಗಳು ತನ್ನಷ್ಟಕ್ಕೆ ಬಿಟ್ಟರೆ ಅಷ್ಟು ಆಟಗಳು ಮುಗಿಯುತ್ತವೆ. ಬಳಿಕ ಎರಡಕ್ಕೆ ನಾಲ್ಕು, ನಾಲ್ಕಕ್ಕೆ ಎಂಟು ಸೆಕೆಂಡುಗಳಂತೆ ಮುಂದುವರಿಸಿ, ಒಂದೊಂದು ಇಮ್ಮಡಿಗೆ ದೊರೆತ ಅಂಶಗಳನ್ನು ಸಾಲಾಗಿ ಬರೆದಿಟ್ಟುಕೊಳ್ಳಬೇಕು.